ಹೊಸ ಆವೃತ್ತಿಯ ಹೊಣೆ: ಪ್ರಯೋಗಾಲಯದ ತಂತ್ರಾಂಶ ಹಂಚಿಕೆಯ ಮೀಮಾಂಸೆ

ವಿಷಯ

ಘಟಪ್ರಭಾ ನದಿಯ ನೀರಿನ ಮೇಲೆ ಬದುಕುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಎಷ್ಟು ಬಗೆಯ ಪ್ರಯೋಗಾಲಯಗಳಿವೆ ಎಂಬುದು ಥಟ್ಟನೆ ಹೊಳೆಯುವುದಿಲ್ಲ. 1897ರ ಧೂಪದಾಳ ಒಡ್ಡಿನಿಂದ ಹರಿದ ಕಾಲುವೆ, ಆಮೇಲೆ ಹಿಡಕಲ್ ಜಲಾಶಯ, ಇವು ಕಬ್ಬನ್ನು ತಂದವು. ಕಬ್ಬು ಸಕ್ಕರೆ ಕಾರಖಾನೆಗಳನ್ನು ತಂದಿತು. ಕಾರಖಾನೆ ಎಂದಮೇಲೆ ರಸದ ಬ್ರಿಕ್ಸ್ (ಕರಗಿದ ಘನಾಂಶ) ಮತ್ತು ಪೋಲ್ (ಸಕ್ಕರೆಯ ಅಂಶ) ನೋಡುವ ಲ್ಯಾಬ್ ಇರಲೇಬೇಕು. ಅದೇ ನೀರು ಅತಿಯಾದ ಕಡೆ ಹೊಲ ಸವಳು-ಜವಳಾಯಿತು. ಆ ಮಣ್ಣಿನ ರಸಸಾರ, ಲವಣಾಂಶ ನೋಡಲು ಮಣ್ಣು ಪರೀಕ್ಷೆ ಬೇಕಾಯಿತು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಬೆಳೆಯ ಪ್ರಯೋಗ ಹಾಕಿ, ಅಂಕಿ ಕಲೆಹಾಕಿ, ಪ್ರಬಂಧ ಬರೆಯುತ್ತಾರೆ. ಘಟಪ್ರಭಾ ಊರಿನ ಹೆಸರು ದೂರದವರಿಗೆ ಗೊತ್ತಾದದ್ದೇ ಕರ್ನಾಟಕ ಆರೋಗ್ಯ ಧಾಮದಿಂದ, ಹಿಂದುಸ್ತಾನಿ ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರ ಸಂಬಂಧದಿಂದ. ಆಸ್ಪತ್ರೆಗಳಿರುವಲ್ಲಿ ರಕ್ತ, ಮೂತ್ರ, ಕಫ ಪರೀಕ್ಷಿಸುವ ಲ್ಯಾಬುಗಳು ಇದ್ದೇ ಇವೆ.

ಈ ಎಲ್ಲ ಕಡೆ ಅಳತೆ ಮಾಡುವುದು ಕೈ ಮತ್ತು ಕಣ್ಣು. ಅಳತೆಯಿಂದ ತೀರ್ಮಾನ ತೆಗೆಯುವ ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ತಂತ್ರಾಂಶದ ಒಳಗೆ ಹೋಗುತ್ತಿದೆ. ಆ ತಂತ್ರಾಂಶಗಳಲ್ಲಿ ಒಳ್ಳೆಯವು ಅನೇಕ ಬೆಲೆಯಿಲ್ಲದೆ ಸಿಗುತ್ತವೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಶುರುಮಾಡಿದ, 1995ರಲ್ಲಿ ಜಿಪಿಎಲ್ ಎಂಬ ಸ್ವತಂತ್ರ ತಂತ್ರಾಂಶ ಪರವಾನಗಿ ಪಡೆದ ಸಂಖ್ಯಾಶಾಸ್ತ್ರದ ‘ಆರ್’. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ, ಸೂಕ್ಷ್ಮದರ್ಶಕದ ಚಿತ್ರ ಅಳೆಯುವ ‘ಇಮೇಜ್‌ಜೆ’. ಎಂಜಿನಿಯರಿಂಗ್ ಲೆಕ್ಕದ ‘ಆಕ್ಟೇವ್’, ‘ಸೈಲ್ಯಾಬ್’. ಬ್ಯಾಕ್ಟೀರಿಯಾಗಳು ಯಾವ ಔಷಧಕ್ಕೆ ಬಗ್ಗುತ್ತವೆ ಎಂದು ದಾಖಲಿಸುವ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಬಾಸ್ಟನ್‌ನಲ್ಲಿ 1989ರಿಂದ ಬೆಳೆದುಬಂದ ‘ಹೂನೆಟ್’. ಇವುಗಳಲ್ಲಿ ಒಂದು ಭೇದವನ್ನು ಈಗಲೇ ಹೇಳಿಬಿಡಬೇಕು. ಆರ್ ಮತ್ತು ಆಕ್ಟೇವ್‌ಗಳ ಮೂಲ ಸಂಕೇತ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಹೂನೆಟ್ ದುಡ್ಡಿಲ್ಲದೆ ಬರುತ್ತದೆ, ಆದರೆ ಅದನ್ನು ತಿದ್ದುವ ಕೈ ಅದರ ಒಡೆಯರದ್ದು. ಲ್ಯಾಬಿನವರಿಗೆ ಎರಡೂ ಉಪಯುಕ್ತ. ಹಂಚುವವನ ಹೊಣೆ ಮಾತ್ರ ಎರಡರಲ್ಲಿ ಬೇರೆ ಬೇರೆ.

ಸಂಶಯ

ಇಂಥ ತಂತ್ರಾಂಶದ ಹೊಸ ಆವೃತ್ತಿಯನ್ನು ಒಬ್ಬರು ತಂದು ಲ್ಯಾಬುಗಳಿಗೆ ಹಂಚುತ್ತಾರೆ. ಅದು ಕಾಲೇಜಿನ ಒಬ್ಬ ಮೇಷ್ಟ್ರು ಇರಬಹುದು, ಇಲಾಖೆ ಇರಬಹುದು, ಪೆನ್‌ಡ್ರೈವ್ ಹಿಡಿದು ಬಂದ ಹಳೆಯ ವಿದ್ಯಾರ್ಥಿ ಇರಬಹುದು. ಕಾಪಿ ಮಾಡಿ ಕೊಟ್ಟಲ್ಲಿಗೆ ಅವರ ಕೆಲಸ ಮುಗಿಯಿತೇ, ಕೊಟ್ಟದ್ದರಿಂದ ಬರುವ ಉತ್ತರಗಳ ಹೊಣೆಯೂ ಅವರದ್ದೇ?

ನನ್ನ ಸಿದ್ಧಾಂತ ಇದು: ಹೊಣೆ ಇದೆ, ಅದು ನಿರ್ದಿಷ್ಟವಾದದ್ದು. ಹೊಸ ಆವೃತ್ತಿಯ ಜೊತೆಗೆ ಹಳೆಯ ಆವೃತ್ತಿ ಇರಬೇಕು. ಏನು ಬದಲಾಯಿತು, ಯಾರ ಲೆಕ್ಕಕ್ಕೆ ಅದು ತಟ್ಟುತ್ತದೆ ಎಂಬ ಪಟ್ಟಿ ಕನ್ನಡದಲ್ಲಿ ಇರಬೇಕು. ಉತ್ತರ ಮೊದಲೇ ಗೊತ್ತಿರುವ ಒಂದು ದತ್ತಾಂಶ ಇರಬೇಕು, ಲ್ಯಾಬಿನವರು ತಮ್ಮ ಯಂತ್ರದಲ್ಲಿ ಅದನ್ನು ಓಡಿಸಿ ಹೊಂದಿಸಿ ನೋಡುವುದಕ್ಕೆ. ಈ ಮೂರರಲ್ಲಿ ಒಂದು ತಪ್ಪಿದರೂ ಹಂಚಿಕೆ ಅರ್ಧವೇ. ಮೀಮಾಂಸೆಯ ಪದ್ಧತಿಯಲ್ಲಿ ಎದುರಾಳಿಯ ಮಾತನ್ನು, ಅಂದರೆ ಪೂರ್ವಪಕ್ಷವನ್ನು, ಅವನಿಗಿಂತ ಬಲವಾಗಿ ಹೇಳಿ ಆಮೇಲೆ ಉತ್ತರಿಸಬೇಕು. ಇಲ್ಲಿ ಎದುರಾಳಿಗಳು ಹಲವರು, ಅವರಲ್ಲಿ ಕೆಲವರ ಮಾತು ತೂಕದ್ದು.

ಮೊದಲ ಪೂರ್ವಪಕ್ಷ: ನಡೆಯುತ್ತಿರುವುದನ್ನು ಮುಟ್ಟಬಾರದು

ಇದು ಲ್ಯಾಬ್ ಟೆಕ್ನಿಷಿಯನ್ನರ ಮಾತು, ಅನುಭವದಿಂದ ಬಂದದ್ದು. ‘ನಾನು ವರ್ಷಗಟ್ಟಲೆ ಇದೇ ಪ್ರೋಗ್ರಾಮಿನಲ್ಲಿ ರಿಪೋರ್ಟ್ ಕೊಡುತ್ತಿದ್ದೇನೆ. ಬಟನ್ ಎಲ್ಲಿದೆ ಗೊತ್ತು, ಪ್ರಿಂಟ್ ಹೇಗೆ ಬರುತ್ತದೆ ಗೊತ್ತು. ಹೊಸದು ಬಂದರೆ ಒಂದು ವಾರ ಕೆಲಸ ನಿಲ್ಲುತ್ತದೆ. ರೋಗಿ ಹೊರಗೆ ಕಾಯುತ್ತಿರುತ್ತಾನೆ. ಹಳೆಯದು ತಪ್ಪು ಹೇಳಿದೆ ಎಂದು ಯಾರಾದರೂ ತೋರಿಸಿದ್ದಾರಾ?’

ತೋರಿಸಬಹುದು. ವಿಷಮಶೀತ ಜ್ವರವನ್ನೇ ತೆಗೆದುಕೊಳ್ಳೋಣ. ರೋಗಿಯ ರಕ್ತದಿಂದ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆಳೆಸಿ, ತಟ್ಟೆಯ ಮೇಲೆ ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆ ಇಟ್ಟು, ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬೋಳು ವೃತ್ತದ ವ್ಯಾಸವನ್ನು ಸ್ಕೇಲಿನಿಂದ ಅಳೆಯುತ್ತಾರೆ. ವ್ಯಾಸ 25 ಮಿಲಿಮೀಟರ್ ಬಂದಿತು ಎನ್ನಿ. ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆಯ ಕೋಷ್ಟಕವನ್ನು ನಮ್ಮ ದೇಶದ ಲ್ಯಾಬುಗಳೂ ಬಹುವಾಗಿ ಅನುಸರಿಸುತ್ತವೆ. 2012ಕ್ಕೆ ಮುಂಚಿನ ಆ ಕೋಷ್ಟಕದಲ್ಲಿ 21 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಔಷಧ ನಾಟುತ್ತದೆ ಎಂದು ಬರೆಯಬೇಕಿತ್ತು. 2012ರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೆ ಆ ಗೆರೆಯನ್ನು 31ಕ್ಕೆ ಏರಿಸಿದರು; 21ರಿಂದ 30ರವರೆಗೆ ಮಧ್ಯಮ, 20 ಮತ್ತು ಕೆಳಗೆ ನಿರೋಧ. ಏರಿಸಿದ್ದಕ್ಕೆ ಕಾರಣವಿತ್ತು. ಹಳೆಯ ಗೆರೆಯ ಪ್ರಕಾರ ‘ನಾಟುತ್ತದೆ’ ಎಂದು ಬಂದ ರೋಗಿಗಳಲ್ಲಿ ಕೆಲವರಿಗೆ ಔಷಧ ಕೊಟ್ಟರೂ ಜ್ವರ ಇಳಿಯುತ್ತಿರಲಿಲ್ಲ.

ಅಂದರೆ ಅದೇ ತಟ್ಟೆ, ಅದೇ ಸ್ಕೇಲು, ಅದೇ 25 ಮಿಲಿಮೀಟರ್. ಹಳೆಯ ಕೋಷ್ಟಕ ಹೊತ್ತ ತಂತ್ರಾಂಶ ‘ನಾಟುತ್ತದೆ’ ಎನ್ನುತ್ತದೆ, ಹೊಸದು ‘ಮಧ್ಯಮ’ ಎನ್ನುತ್ತದೆ. ಟೆಕ್ನಿಷಿಯನ್ ಎಲ್ಲೂ ತಪ್ಪಿಲ್ಲ. ಆದರೂ ಡಾಕ್ಟರರ ಕೈಗೆ ಹೋದ ಕಾಗದ ತಪ್ಪು. ಹೂನೆಟ್ ಕಾಲಕಾಲಕ್ಕೆ ಹೊಸದಾಗುವುದಕ್ಕೆ ಮುಖ್ಯ ಕಾರಣ ಇದೇ: ಸಿಎಲ್‌ಎಸ್‌ಐ ಮತ್ತು ಯುರೋಪಿನ ಯೂಕ್ಯಾಸ್ಟ್ ಪ್ರತಿ ವರ್ಷ ಕೋಷ್ಟಕ ಪರಿಷ್ಕರಿಸುತ್ತವೆ. 2020ರಲ್ಲಿ ಸಿಎಲ್‌ಎಸ್‌ಐ ಕೊಲಿಸ್ಟಿನ್ ಔಷಧದ ವಿಷಯದಲ್ಲಿ ‘ನಾಟುತ್ತದೆ’ ಎಂಬ ವರ್ಗವನ್ನೇ ಕಿತ್ತುಹಾಕಿತು. ಆ ಮೊದಲಿನ ಕೋಷ್ಟಕವಿರುವ ತಂತ್ರಾಂಶ ಇವತ್ತಿಗೂ ಆ ಉತ್ತರ ಕೊಡುತ್ತದೆ, ಯಾವ ಎಚ್ಚರಿಕೆಯೂ ಇಲ್ಲದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಸಣ್ಣ ಲ್ಯಾಬುಗಳಿಗೆ ಇದು ಅಪ್‌ಡೇಟಿಗಿಂತ ಮುಖ್ಯವಾದದ್ದು. ರಿಜಿಸ್ಟರಿನಲ್ಲಿ ‘ನಾಟುತ್ತದೆ’ ಎಂದಷ್ಟೇ ಬರೆದಿಟ್ಟರೆ ಕೋಷ್ಟಕ ಬದಲಾದ ದಿನ ಆ ದಾಖಲೆ ಸತ್ತಂತೆ. 25 ಎಂದು ಬರೆದಿದ್ದರೆ ಹತ್ತು ವರ್ಷದ ಹಿಂದಿನ ಫಲಿತಾಂಶವನ್ನೂ ಇವತ್ತಿನ ಗೆರೆಗೆ ಹಚ್ಚಿ ನೋಡಬಹುದು. ಹೂನೆಟ್ ಮಿಲಿಮೀಟರನ್ನೇ ಬರೆಸಿಕೊಳ್ಳಬಲ್ಲ ವ್ಯವಸ್ಥೆ. ದೇಶದ ರೋಗ ನಿಯಂತ್ರಣ ಕೇಂದ್ರದ ಔಷಧ ನಿರೋಧ ಕಣ್ಗಾವಲು ಜಾಲ ಅದನ್ನೇ ಬಳಸುತ್ತದೆ. ಹಂಚುವವರು ತಂತ್ರಾಂಶದ ಜೊತೆ ಈ ಒಂದು ರೂಢಿಯನ್ನು ಹಂಚಿದರೂ ಸಾಕಷ್ಟು ಕೊಟ್ಟ ಹಾಗೆ.

ಈ ಉತ್ತರ ಆಸ್ಪತ್ರೆಗೆ ಮಾತ್ರ ಎಂದು ಯಾರಾದರೂ ಅಂದುಕೊಂಡರೆ, ಸಕ್ಕರೆಯ ಕಡೆ ನೋಡಿ. ಪೋಲ್ ಅಳೆಯುವ ಪೋಲಾರಿಮೀಟರಿನ ಅಳತೆಗೋಲನ್ನೇ ಅಂತರರಾಷ್ಟ್ರೀಯ ಸಕ್ಕರೆ ವಿಶ್ಲೇಷಣಾ ಆಯೋಗ 1988ರ ಜುಲೈ 1ರಂದು ಬದಲಿಸಿತು. ಹಳೆಯ ಗೋಲಿನ 100 ಹೊಸ ಗೋಲಿನಲ್ಲಿ 99.971 ಆಗುತ್ತದೆ. ವ್ಯತ್ಯಾಸ ಸಣ್ಣದು. ಆದರೆ ಸಕ್ಕರೆಯಲ್ಲಿ ಸಣ್ಣ ವ್ಯತ್ಯಾಸಕ್ಕೂ ಬೆಲೆ ಕಟ್ಟಿದ್ದಾರೆ: 2025-26ರ ಹಂಗಾಮಿಗೆ ಕೇಂದ್ರ ಸರಕಾರ ನಿಗದಿ ಮಾಡಿದ ಕಬ್ಬಿನ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ) ದರ 10.25 ಶೇಕಡಾ ರಿಕವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ) ಕ್ವಿಂಟಾಲಿಗೆ 355 ರೂಪಾಯಿ, ಅದರ ಮೇಲೆ ಪ್ರತಿ 0.1 ಶೇಕಡಾಕ್ಕೆ 3.46 ರೂಪಾಯಿ. ಟನ್ನಿಗೆ 34 ರೂಪಾಯಿ 60 ಪೈಸೆ. ಎಕರೆಗೆ 40 ಟನ್ ಬೆಳೆದವನ ಪಾಲಿಗೆ ಒಂದು ದಶಮಾಂಶ ಸ್ಥಾನ 1,384 ರೂಪಾಯಿ. ಈ ರಿಕವರಿ ಒಬ್ಬ ರೈತನ ಗಾಡಿಯದ್ದಲ್ಲ, ಇಡೀ ಕಾರಖಾನೆಯ ಸರಾಸರಿ. ಹಾಗಾಗಿ ಲೆಕ್ಕ ಎತ್ತ ವಾಲಿದರೂ ಅದು ಆ ಕಾರಖಾನೆಗೆ ಕಬ್ಬು ಕಳಿಸಿದ ಎಲ್ಲರಿಗೂ ತಟ್ಟುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಧರಣಿ ಕೂತದ್ದು ಟನ್ನಿನ ದರಕ್ಕಾಗಿ. ದರದ ಮಾತು ಬಂದಾಗಲೆಲ್ಲ ರಿಕವರಿಯ ಮಾತೂ ಬರುತ್ತದೆ. ಆ ಅಂಕಿ ಯಾವ ಲೆಕ್ಕದಿಂದ, ಯಾವ ಆವೃತ್ತಿಯಿಂದ ಬಂತು ಎಂದು ಕೇಳುವ ಹಕ್ಕು ರೈತನಿಗೆ ಇದೆ. ಉತ್ತರಿಸಲು ಆಗಬೇಕಾದರೆ ಲೆಕ್ಕದ ಸೂತ್ರ ತೆರೆದಿರಬೇಕು, ಆವೃತ್ತಿಯ ಅಂಕಿ ರಿಪೋರ್ಟಿನ ಮೇಲೆ ಅಚ್ಚಾಗಿರಬೇಕು.

ಎರಡನೆಯ ಪೂರ್ವಪಕ್ಷ: ಆವೃತ್ತಿ ಬದಲಾದರೆ ಉತ್ತರ ಬದಲಾಗುತ್ತದೆ, ಉತ್ತರ ಬದಲಾದರೆ ವಿಜ್ಞಾನ ಉಳಿಯುವುದಿಲ್ಲ

ಇದು ಮೊದಲನೆಯದಕ್ಕಿಂತ ಬಲವಾದ ಆಕ್ಷೇಪ. ಟೈಫಾಯ್ಡಿನ ಉದಾಹರಣೆಯಲ್ಲಿ ಬದಲಾವಣೆ ವೈದ್ಯಶಾಸ್ತ್ರದ್ದು. ತಂತ್ರಾಂಶ ಅದನ್ನು ಹಿಂಬಾಲಿಸಿತು ಅಷ್ಟೆ. ಆದರೆ ತಂತ್ರಾಂಶ ತಾನಾಗಿಯೇ ಬದಲಾದರೆ? ಕಳೆದ ವರ್ಷ ಒಪ್ಪಿಸಿದ ಪ್ರಬಂಧದ ಅಂಕಿಗಳು ಈ ವರ್ಷ ಮತ್ತೆ ಓಡಿಸಿದಾಗ ಬರದೇ ಹೋದರೆ, ಮೌಖಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಏನು ಹೇಳಬೇಕು?

ಹೀಗೆ ಆಗಿದೆ, ಅದೂ ಅರಭಾವಿಯಂಥ ಕಾಲೇಜಿನ ದಿನನಿತ್ಯದ ಕೆಲಸಕ್ಕೇ ತಟ್ಟುವ ಜಾಗದಲ್ಲಿ. ಬೆಳೆಯ ಪ್ರಯೋಗ ಹಾಕುವಾಗ ಯಾವ ಪ್ಲಾಟಿಗೆ ಯಾವ ಉಪಚಾರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಈಗ ಅದನ್ನು ಆರ್‌ನಲ್ಲಿ ಮಾಡುವವರಿದ್ದಾರೆ. ‘ಬೀಜ’ ಎಂದು ಒಂದು ಅಂಕಿ ಕೊಟ್ಟರೆ ಪ್ರತಿ ಸಲವೂ ಅದೇ ಕ್ರಮ ಬರುತ್ತದೆ, ಬೇರೆಯವರೂ ತಾಳೆ ನೋಡಬಹುದು. ಬೀಜ 1 ಕೊಟ್ಟು ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಕಲೆಸಲು ಹೇಳಿದರೆ ಹಳೆಯ ಆರ್ ಕೊಡುತ್ತಿದ್ದ ಕ್ರಮ 3, 4, 5, 7, 2, 8, 9, 6, 10, 1. ಏಪ್ರಿಲ್ 2019ರಲ್ಲಿ ಬಂದ 3.6.0 ಆವೃತ್ತಿಯಿಂದ ಈಚೆಗೆ ಅದೇ ಆಜ್ಞೆಗೆ ಬರುವುದು 9, 4, 7, 1, 2, 5, 3, 10, 6, 8. ಹಳೆಯ ವಿಧಾನದಲ್ಲಿ ದೊಡ್ಡ ಗುಂಪಿನಿಂದ ಆರಿಸುವಾಗ ಎಲ್ಲ ಅಂಕಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ ಎಂಬ ದೋಷ ಕಂಡುಬಂದು ಸರಿಮಾಡಿದರು.

ಪೂರ್ವಪಕ್ಷಿ ಇಲ್ಲಿ ಗೆದ್ದೆ ಎನ್ನಬಹುದು. ನಿಲ್ಲಿ. ಆರ್ ಬರೆದವರು ಈ ಬದಲಾವಣೆಯನ್ನು ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದರು, ಕಾರಣ ಹೇಳಿದರು, ಹಳೆಯ ವಿಧಾನವನ್ನು ಅಳಿಸಿಹಾಕದೆ ಒಂದು ಆಯ್ಕೆಯಾಗಿ ಉಳಿಸಿದರು. ಒಂದು ಸಾಲು ಸೇರಿಸಿದರೆ 2018ರ ಪ್ರಬಂಧದ ಕ್ರಮ ಇವತ್ತಿಗೂ ಯಥಾವತ್ತಾಗಿ ಬರುತ್ತದೆ. ಹಳೆಯ ಆವೃತ್ತಿಗಳೂ ಆರ್ ಹಂಚುವ ಕ್ರಾನ್ ಎಂಬ ಆನ್‌ಲೈನ್ ಭಂಡಾರದಲ್ಲಿ ಸಿಗುತ್ತವೆ. ನಾನು ಹಂಚುವವನಿಂದ ಕೇಳುತ್ತಿರುವುದು ಇದನ್ನೇ. ವಿಯೆನ್ನಾದಲ್ಲಿ 1997ರಲ್ಲಿ ಕ್ರಾನ್ ಕಟ್ಟಿದವರು ಜಗತ್ತಿಗೆ ಮಾಡಿದ್ದನ್ನು ಘಟಪ್ರಭಾದಲ್ಲಿ ಪೆನ್‌ಡ್ರೈವ್ ಹಂಚುವವರು ಹತ್ತಿಪ್ಪತ್ತು ಲ್ಯಾಬುಗಳಿಗೆ ಮಾಡಬೇಕು. ಹೊಸ ಫೈಲಿನ ಪಕ್ಕದಲ್ಲಿ ಹಳೆಯ ಫೈಲು. ನಡುವೆ ಒಂದು ಪುಟದ ಕನ್ನಡ ಟಿಪ್ಪಣಿ: ‘ಪ್ಲಾಟುಗಳ ಕ್ರಮ ಇನ್ನು ಮುಂದೆ ಬೇರೆ ಬರುತ್ತದೆ, ಹಳೆಯದು ಬೇಕಾದರೆ ಈ ಸಾಲು ಸೇರಿಸಿ.’

ಬದಲಾವಣೆ ಹೇಳದೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಒಂದು ಪ್ರಸಂಗವಿದೆ. ಅಣುವಿನ ರಚನೆ ಗುರುತಿಸಲು ಎನ್‌ಎಂಆರ್ ಅಂಕಿಗಳನ್ನು ಲೆಕ್ಕಹಾಕುವ ಒಂದು ಪೈಥಾನ್ ಪ್ರೋಗ್ರಾಮನ್ನು ವಿಲ್ಲೋಬಿ, ಹೋಯ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದರು. ಅನೇಕರು ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯುಹೆಂಗ್ ಲುವೋ ಒಂದೇ ದತ್ತಾಂಶವನ್ನು ಬೇರೆ ಬೇರೆ ಕಂಪ್ಯೂಟರಿನಲ್ಲಿ ಓಡಿಸಿದಾಗ ವಿಂಡೋಸ್ 10ರಲ್ಲಿ 173.2, ಉಬುಂಟುವಿನಲ್ಲಿ 172.4, ಹೊಸ ಮ್ಯಾಕ್‌ನಲ್ಲಿ 172.7 ಬಂತು. ಫೋಲ್ಡರಿನಲ್ಲಿರುವ ಕಡತಗಳನ್ನು ಯಾವ ಕ್ರಮದಲ್ಲಿ ಓದಬೇಕೆಂದು ಪ್ರೋಗ್ರಾಮಿನಲ್ಲಿ ಹೇಳಿರಲಿಲ್ಲ. ಪ್ರತಿ ಕಂಪ್ಯೂಟರು ತನ್ನ ರೂಢಿಯ ಕ್ರಮದಲ್ಲಿ ಓದಿ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಜೋಡಿಸುತ್ತಿತ್ತು. ನೂರಕ್ಕೂ ಹೆಚ್ಚು ಪ್ರಕಟಿತ ಲೇಖನಗಳ ಮೇಲೆ ಅನುಮಾನದ ನೆರಳು ಬಿತ್ತು.

ಇದರಿಂದ ಎರಡು ಸಂಗತಿ ಸಿದ್ಧವಾಗುತ್ತವೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗದಿದ್ದರೂ ಉತ್ತರ ಬದಲಾಗಬಹುದು, ಏಕೆಂದರೆ ಕೆಳಗಿನ ಕಂಪ್ಯೂಟರು ಬದಲಾಗುತ್ತದೆ. ಹಾಗಾಗಿ ‘ಮುಟ್ಟದೆ ಇಟ್ಟರೆ ಸುರಕ್ಷಿತ’ ಎಂಬ ಮೊದಲ ಪೂರ್ವಪಕ್ಷವೂ ಇಲ್ಲಿಗೆ ಮತ್ತೊಮ್ಮೆ ಬಿದ್ದುಹೋಗುತ್ತದೆ. ಎರಡನೆಯದು, ತಪ್ಪು ಎಲ್ಲಿದೆ ಎಂದು ಒಬ್ಬ ವಿದ್ಯಾರ್ಥಿಗೆ ಬೆರಳಿಟ್ಟು ತೋರಿಸಲು ಆದದ್ದು ಸಾಲುಗಳು ಓದಲು ಸಿಗುತ್ತಿದ್ದುದರಿಂದ. ಮುಚ್ಚಿದ ತಂತ್ರಾಂಶದಲ್ಲಿ ಎರಡು ಯಂತ್ರ ಎರಡು ಉತ್ತರ ಕೊಟ್ಟರೆ ಕಂಪನಿಗೆ ಪತ್ರ ಬರೆದು ಕಾಯಬೇಕು. ಗೊತ್ತಿರುವ ಉತ್ತರದ ದತ್ತಾಂಶವನ್ನು ಪ್ರತಿ ಯಂತ್ರದಲ್ಲೂ ಓಡಿಸಿ ನೋಡಿ ಎಂದು ನಾನು ಹಟ ಹಿಡಿಯುವುದಕ್ಕೂ ಈ 172.4ರ ಅಂಕಿಯೇ ಆಧಾರ. ಐದು ನಿಮಿಷದ ಕೆಲಸ. ಅದನ್ನು 2014ರಲ್ಲೇ ಎಲ್ಲರೂ ಮಾಡಿದ್ದರೆ ಆ ಐದು ವರ್ಷಗಳ ಗೊಂದಲ ಇರುತ್ತಿರಲಿಲ್ಲ.

ಮೂರನೆಯ ಪೂರ್ವಪಕ್ಷ: ದುಡ್ಡಿಲ್ಲದ್ದಕ್ಕೆ ಹೊಣೆಗಾರರಿಲ್ಲ

‘ಕಂಪನಿಯಿಂದ ಕೊಂಡರೆ ಕೇಳಲು ಒಬ್ಬನಿರುತ್ತಾನೆ. ಜಿಪಿಎಲ್ ಪರವಾನಗಿಯಲ್ಲೇ ಯಾವ ಖಾತರಿಯೂ ಇಲ್ಲವೆಂದು ಬರೆದಿದೆ.’ ಬರೆದಿದೆ ನಿಜ. ದುಬಾರಿ ತಂತ್ರಾಂಶದ ಕರಾರನ್ನೂ ಕೊನೆಯವರೆಗೆ ಓದಿದರೆ ಅಲ್ಲೂ ಫಲಿತಾಂಶದ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಖಾತರಿ ಯಾವುದಕ್ಕೂ ಇಲ್ಲ. ಪರೀಕ್ಷಿಸುವ ಅವಕಾಶ ಒಂದಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ.

ಈ ಪಕ್ಷದ ಒಳಗೇ ಇನ್ನೊಂದು ಅಡಗಿದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ಕ್ರ್ಯಾಕ್ ಮಾಡಿದ ದುಬಾರಿ ತಂತ್ರಾಂಶ ಪೇಟೆಯಲ್ಲಿ ಪುಕ್ಕಟೆ ಸಿಗುತ್ತಿರುವಾಗ ಸ್ವತಂತ್ರ ತಂತ್ರಾಂಶದ ಗೋಜು ಏಕೆ? ಕಾನೂನಿನ ಮಾತು ಪಕ್ಕಕ್ಕಿಡಿ. ಕ್ರ್ಯಾಕ್ ಮಾಡಿದ್ದನ್ನು ಬಳಸುವವನು ಮೊದಲು ಮಾಡುವ ಕೆಲಸ ಅಪ್‌ಡೇಟ್ ನಿಲ್ಲಿಸುವುದು, ಇಲ್ಲದಿದ್ದರೆ ಬೀಗ ಮತ್ತೆ ಬೀಳುತ್ತದೆ. ಅಲ್ಲಿಗೆ ಆ ಲ್ಯಾಬ್ ಒಂದು ವರ್ಷದಲ್ಲಿ ಹೆಪ್ಪುಗಟ್ಟಿತು. ಪ್ರಬಂಧದಲ್ಲಿ ಆವೃತ್ತಿಯ ಹೆಸರು ಬರೆಯಲೂ ಅವನಿಗೆ ಧೈರ್ಯ ಬರುವುದಿಲ್ಲ.

ನಾಲ್ಕನೆಯ ಪೂರ್ವಪಕ್ಷ: ಹಂಚುವುದೇ ಬೇಡ, ಎಲ್ಲ ಆನ್‌ಲೈನ್ ಇದೆ

ಹಿಸಾರಿನ ಹರಿಯಾಣ ಕೃಷಿ ವಿಶ್ವವಿದ್ಯಾಲಯದ ಓಪಿಸ್ಟ್ಯಾಟ್ ದೇಶದ ಕೃಷಿ ವಿದ್ಯಾರ್ಥಿಗಳಿಗೆ ಮಾಡಿದ ಉಪಕಾರ ದೊಡ್ಡದು. ಬ್ರೌಸರಿನಲ್ಲಿ ಅಂಕಿ ಅಂಟಿಸಿದರೆ ಅನೋವಾ ಕೋಷ್ಟಕ ಬರುತ್ತದೆ. ಯಾವುದನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇದರ ಎದುರು ಪೆನ್‌ಡ್ರೈವ್ ಹಂಚುವುದು ಹಳೆಯ ಕಾಲದ ಕೆಲಸ ಎನ್ನಿಸಬಹುದು.

ಉಪಕಾರವನ್ನು ಮನಸಾರೆ ಒಪ್ಪುತ್ತೇನೆ. ಆದರೆ ದೂರದ ಸರ್ವರಿನಲ್ಲಿ ಆವೃತ್ತಿ ಯಾವಾಗ ಬದಲಾಯಿತು ಎಂಬುದು ಬಳಸುವವನ ಕೈಯಲ್ಲಿಲ್ಲ. ನಿನ್ನೆಯ ಆವೃತ್ತಿ ಬೇಕೆಂದರೆ ಸಿಗುವುದಿಲ್ಲ. ರೋಗಿಗಳ ಅಂಕಿಗಳನ್ನಂತೂ ಹೊರಗಿನ ತಾಣಕ್ಕೆ ಅಂಟಿಸಬಾರದು. ಕೇರಳ ಕೃಷಿ ವಿಶ್ವವಿದ್ಯಾಲಯದ ‘ಗ್ರೇಪ್ಸ್’ ಇಲ್ಲಿ ಮಧ್ಯದ ದಾರಿ ತೋರಿಸಿದೆ. ಅದು ಆರ್ ಮೇಲೆ ಕಟ್ಟಿದ್ದು, ಬ್ರೌಸರಿನಲ್ಲೂ ಬಳಸಬಹುದು, ಮೂಲ ಸಂಕೇತ ತೆರೆದ ಪ್ಯಾಕೇಜಾಗಿ ನಮ್ಮ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು. ನಮ್ಮ ಧಾರವಾಡ, ಬಾಗಲಕೋಟೆಗಳ ವಿಶ್ವವಿದ್ಯಾಲಯಗಳಿಂದಲೂ ಹೀಗೊಂದು ಬರಲಿ, ಪರದೆಯ ಮೇಲಿನ ಮಾತು ಕನ್ನಡದಲ್ಲಿ ಇರಲಿ ಎಂಬುದು ನನ್ನ ಆಸೆ.

ಐದನೆಯ ಪೂರ್ವಪಕ್ಷ: ಹಳೆಯ ಕಂಪ್ಯೂಟರು, ಇಂಗ್ಲಿಷ್ ಬಾರದ ಕೈ

ಹಳೆಯ ಕಂಪ್ಯೂಟರಿನ ಮಾತು ನಿಜ. ಏಪ್ರಿಲ್ 2022ರ ಆರ್ 4.2.0ರಿಂದ ವಿಂಡೋಸಿನ 32-ಬಿಟ್ ಯಂತ್ರಗಳಿಗೆ ಬೆಂಬಲ ನಿಂತಿತು. ಅಂಥ ಯಂತ್ರವಿರುವ ಕಾಲೇಜು 4.1.3ರಲ್ಲೇ ನಿಲ್ಲಬೇಕು. ಹಂಚುವವರು ಇದನ್ನು ತಿಳಿದು 4.1.3ನ್ನೇ ಕೊಟ್ಟು, ‘ಇದು ಕೊನೆಯದು, ಇದರಾಚೆ ಬೇಕಾದರೆ ಯಂತ್ರ ಬದಲಿಸಬೇಕು’ ಎಂದು ಬರೆದು ಕೊಡಬೇಕು. ಇನ್ನೊಂದು ಉಪಾಯವನ್ನು ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ತೋರಿಸಿದ್ದಾರೆ. ಅಜಿತ್ ಕುಮಾರ್ ಮತ್ತು ಸಂಗಡಿಗರು ಭೌತಶಾಸ್ತ್ರದ ಕಡಿಮೆ ಬೆಲೆಯ ಪ್ರಯೋಗಪೆಟ್ಟಿಗೆ ‘ಎಕ್ಸ್‌ಪೈಸ್’ ಮಾಡಿದಾಗ, ಅದರ ಪೈಥಾನ್ ತಂತ್ರಾಂಶವನ್ನು ಇಡೀ ಲಿನಕ್ಸ್ ವ್ಯವಸ್ಥೆಯ ಜೊತೆಗೇ ಪೆನ್‌ಡ್ರೈವಿನಿಂದ ಓಡುವಂತೆ ಕೊಟ್ಟರು. ಕಂಪ್ಯೂಟರಿನ ಒಳಗೆ ಇರುವುದು ಇದ್ದಂತೆಯೇ ಇರುತ್ತದೆ. ನೆಟ್ ಬೇಕಿಲ್ಲ.

ಇಂಗ್ಲಿಷಿನ ಮಾತು ಬಂದಾಗ ಅದೇ 4.2.0 ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಅದಕ್ಕೆ ಮುಂಚೆ ವಿಂಡೋಸಿನ ಆರ್‌ನಲ್ಲಿ ‘ಗೋಕಾಕ’, ‘ಕಬ್ಬು’, ‘ಇಳುವರಿ’ ಎಂದು ಕಾಲಮ್ಮಿನ ಹೆಸರು ಕನ್ನಡದಲ್ಲಿ ಕೊಟ್ಟರೆ ಅಕ್ಷರದ ಜಾಗದಲ್ಲಿ ಕೋನ ಕಂಸದೊಳಗೆ ಯೂನಿಕೋಡ್ ಸಂಖ್ಯೆಗಳ ಸಾಲು ಬರುವುದು ಸಾಮಾನ್ಯವಾಗಿತ್ತು. 4.2.0ರಿಂದ, ಈಚಿನ ವಿಂಡೋಸ್ 10 ಮತ್ತು ಮುಂದಿನವುಗಳಲ್ಲಿ, ಯುಟಿಎಫ್-8 ಸಹಜ ಸಂಕೇತವಾಯಿತು. ಕನ್ನಡ ಕನ್ನಡವಾಗಿ ಬಂತು. ಕನ್ನಡದಲ್ಲಿ ದತ್ತಾಂಶ ಇಡುವ ಯಾವ ಲ್ಯಾಬಿಗೂ ಹೊಸ ಆವೃತ್ತಿ ಕೊಡಲು ಇದಕ್ಕಿಂತ ಬೇರೆ ಕಾರಣ ಬೇಡ. ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ, ಅವುಗಳಲ್ಲಿ ಕನ್ನಡದ ಧ್ವನಿಯಿರುವವೂ ಇವೆ; ಅವನ್ನೂ ಅದೇ ಪೆನ್‌ಡ್ರೈವಿಗೆ ಹಾಕಿ ಕೊಡಬಹುದು.

ಆರನೆಯ ಪೂರ್ವಪಕ್ಷ: ಅಪ್‌ಡೇಟೇ ಅಪಾಯ

ಮಾರ್ಚ್ 2024ರಲ್ಲಿ ‘ಎಕ್ಸ್‌ಝಡ್’ ಎಂಬ ಸ್ವತಂತ್ರ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಬ್ಬ ನಿರ್ವಾಹಕನೇ ಅದನ್ನು ಸೇರಿಸಿದ್ದ. ಹೊಸದನ್ನು ಆತುರದಿಂದ ಹಾಕಿಕೊಂಡವರೇ ಸಿಕ್ಕಿಬಿದ್ದರು ಎಂದು ಪೂರ್ವಪಕ್ಷಿ ಹೇಳಿದರೆ ಅದು ಸರಿ. ಅದೇ ವರ್ಷದ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನಿಲ್ಲಿಸಿತು. ಮುಚ್ಚಿದ್ದಾದರೂ ತೆರೆದದ್ದಾದರೂ ಆತುರ ಒಂದೇ ಥರ ಹೊಡೆಯುತ್ತದೆ.

ಎಕ್ಸ್‌ಝಡ್ ವಿಷಯದಲ್ಲಿ ಕಳ್ಳತನ ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನು ಹತ್ತಿ, ಮೂಲಕ್ಕೇ ಹೋದರು. ತೆರೆದ ತಂತ್ರಾಂಶ ಸದಾ ಸುರಕ್ಷಿತ ಎಂದು ನಾನು ವಾದಿಸುವುದಿಲ್ಲ. ಅನುಮಾನ ಬಂದವನಿಗೆ ಒಳಗೆ ಹೋಗಲು ದಾರಿಯಿರುತ್ತದೆ ಎಂದಷ್ಟೇ. ಹಂಚುವವರಿಗೆ ಇದರಿಂದ ಬರುವ ವಿಧಿ: ಮೂಲ ಭಂಡಾರದಿಂದಲೇ ಇಳಿಸಿಕೊಳ್ಳಬೇಕು. ಅಲ್ಲಿ ಕೊಟ್ಟ ತಾಳೆ ಸಂಖ್ಯೆಯೊಂದಿಗೆ (ಚೆಕ್‌ಸಮ್) ಕಡತವನ್ನು ಹೋಲಿಸಬೇಕು. ಬಂದ ದಿನವೇ ಲ್ಯಾಬುಗಳಿಗೆ ಕೊಡದೆ ತನ್ನ ಯಂತ್ರದಲ್ಲಿ ಕೆಲವು ವಾರ ಓಡಿಸಿರಬೇಕು. ಆಸ್ಪತ್ರೆಯ ಕೋಷ್ಟಕ ಮಾತ್ರ ಇದಕ್ಕೆ ಅಪವಾದ. ಅಲ್ಲಿ ತಡ ಮಾಡಿದರೆ ತಪ್ಪು ಔಷಧದ ಅಪಾಯ ಹೆಚ್ಚು.

ಏಳನೆಯ ಪೂರ್ವಪಕ್ಷ: ಖರ್ಚು ಯಾರದ್ದು?

ಮೇಲಿನ ಎಲ್ಲ ಉತ್ತರಗಳನ್ನೂ ಒಪ್ಪಿದವರು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಾರೆ. ಟಿಪ್ಪಣಿ ಬರೆಯುವವರು, ಪರೀಕ್ಷೆಯ ದತ್ತಾಂಶ ಮಾಡುವವರು, ಪೆನ್‌ಡ್ರೈವ್ ಹೊತ್ತು ಸಂಕೇಶ್ವರದಿಂದ ಮೂಡಲಗಿಗೆ ಓಡಾಡುವವರು ಯಾರು? ಬೆಲೆಯಿಲ್ಲದ್ದಕ್ಕೆ ದುಡ್ಡು ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು. ಜಿಪಿಎಲ್ ಪರವಾನಗಿ ಹಂಚುವ ಶ್ರಮಕ್ಕೆ ದುಡ್ಡು ಕೇಳುವುದನ್ನು ಸ್ಪಷ್ಟವಾಗಿ ಒಪ್ಪುತ್ತದೆ. ಅದರ ಕರ್ತೃ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ತಮ್ಮ ಈಮ್ಯಾಕ್ಸ್ ತಂತ್ರಾಂಶದ ಟೇಪನ್ನು 150 ಡಾಲರಿಗೆ ಮಾರಿ ಜೀವನ ಸಾಗಿಸಿದ್ದರು. ಪಡೆದವನು ಅದನ್ನು ಇನ್ನೊಬ್ಬರಿಗೆ ಕೊಡುವುದನ್ನು ತಡೆಯುವಂತಿಲ್ಲ, ಮೂಲ ಸಂಕೇತವನ್ನು ಬಚ್ಚಿಡುವಂತಿಲ್ಲ, ಅಷ್ಟೇ ನಿಬಂಧನೆ. ಹೂನೆಟ್‌ನಂಥವಕ್ಕೆ ಒಡೆಯರ ನಿಯಮ ಬೇರೆ. ಅದನ್ನು ಓದಿಯೇ ಹಂಚಬೇಕು.

ಸಂಘಟನೆಗೆ ಮಾದರಿ ಬೇಕಾದರೆ ಹುಕ್ಕೇರಿಗಿಂತ ದೂರ ಹೋಗಬೇಕಿಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರಾಜ್ಯದಲ್ಲಿ ಉಳಿದ ಏಕೈಕ ವಿದ್ಯುತ್ ಹಂಚಿಕೆ ಸಹಕಾರಿ. ಕರೆಂಟು ಹುಟ್ಟುವುದು ಬೇರೆಲ್ಲೋ. ಸಂಘದ ಕೆಲಸ ತಂತಿ, ಟ್ರಾನ್ಸ್‌ಫಾರ್ಮರ್, ಮೀಟರು, ಕೆಟ್ಟಾಗ ಬರುವ ಲೈನ್‌ಮನ್. ಸದಸ್ಯರೇ ಬಳಕೆದಾರರು, ಬಳಕೆದಾರರೇ ಒಡೆಯರು. ಪ್ರಯೋಗಾಲಯಗಳ ತಂತ್ರಾಂಶಕ್ಕೂ ಇಂಥದೇ ಸಣ್ಣ ಸಂಘ ಸಾಧ್ಯ. ಕಾಲೇಜು, ಆಸ್ಪತ್ರೆ, ಕಾರಖಾನೆ, ಹೈಸ್ಕೂಲುಗಳು ವರ್ಷಕ್ಕಿಷ್ಟು ವಂತಿಗೆ ಕೊಟ್ಟು ಒಬ್ಬ ಒಳ್ಳೆಯ ಹುಡುಗನನ್ನೋ ಹುಡುಗಿಯನ್ನೋ ಇಟ್ಟುಕೊಂಡರೆ ಸಾಕು. ಆ ಹುದ್ದೆಗೆ ದೊಡ್ಡ ಪದವಿ ಬೇಡ. ಅಂಕಿ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬಾರದ ಸ್ವಭಾವ ಬೇಕು. ಕಾರಖಾನೆಗಳು ಮುಚ್ಚಿದ ತಂತ್ರಾಂಶಕ್ಕೆ ಕೊಡುವ ದುಡ್ಡಿನ ಒಂದು ಪಾಲು ಇದಕ್ಕೆ ಬಂದರೂ ನಡೆದೀತು. ಕೇಂದ್ರ ಸರಕಾರ 2015ರಲ್ಲೇ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದೆ. ಸರಕಾರಿ ಲ್ಯಾಬುಗಳು ಸೇರಲು ಅದೇ ಆಧಾರ.

ಉಳಿದ ಒಂದು ಮಾತು: ವರ್ಷಕ್ಕೆ ಎಷ್ಟು ಸಲ?

ಹೊಸದು ಬಂದಾಗಲೆಲ್ಲ ಓಡಬೇಕಾದರೆ ಯಾರಿಗೂ ಆಗದು. ಆದರೆ ಬಿಡುಗಡೆಗಳಿಗೆ ಒಂದು ಕಾಲಮಾನವಿದೆ, ನಮ್ಮ ಲ್ಯಾಬುಗಳಿಗೂ ಇದೆ. ಔಷಧ ಕೋಷ್ಟಕಗಳು ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತವೆ. ಆಸ್ಪತ್ರೆಯ ಲ್ಯಾಬುಗಳಿಗೆ ಫೆಬ್ರುವರಿ, ಮಾರ್ಚಿನಲ್ಲಿ ಕೊಡಬೇಕು. ಆರ್‌ನ ದೊಡ್ಡ ಬಿಡುಗಡೆ ಪ್ರತಿ ವರ್ಷ ಏಪ್ರಿಲಿನಲ್ಲಿ. ಅದನ್ನು ಮೇ ತಿಂಗಳಲ್ಲಿ ಪರೀಕ್ಷಿಸಿ, ಮುಂಗಾರಿನ ಪ್ಲಾಟುಗಳ ನಕ್ಷೆ ಎಳೆಯುವ ಮುಂಚೆ ಅರಭಾವಿಯಂಥ ಕಾಲೇಜುಗಳಿಗೆ ಮುಟ್ಟಿಸಬಹುದು. ಪ್ರಬಂಧದ ಮಧ್ಯದಲ್ಲಿರುವ ಕೊನೆಯ ವರ್ಷದವರು ಹಳೆಯದರಲ್ಲೇ ಮುಗಿಸಲಿ. ಸಕ್ಕರೆ ಕಾರಖಾನೆಯ ಲ್ಯಾಬಿಗೆ ಹಂಗಾಮಿನ ನಡುವೆ ಕೈ ಹಾಕಲೇಬಾರದು. ನುರಿಸುವುದು ನಿಂತ ಮೇಲೆ, ಯಂತ್ರಗಳನ್ನು ಬಿಚ್ಚಿ ಎಣ್ಣೆ ಹಚ್ಚುವ ಬೇಸಿಗೆಯ ತಿಂಗಳುಗಳಲ್ಲಿ ಲೆಕ್ಕದ ತಂತ್ರಾಂಶವನ್ನೂ ಬಿಚ್ಚಿ ನೋಡಬಹುದು. ಹಿಂದಿನ ಹಂಗಾಮಿನ ಒಂದು ವಾರದ ಅಂಕಿಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ, ಎರಡು ಕೋಷ್ಟಕಗಳನ್ನು ಅಕ್ಕಪಕ್ಕ ಅಚ್ಚುಹಾಕಿ, ವ್ಯತ್ಯಾಸವಿದ್ದ ಸಾಲಿಗೆ ಕಾರಣ ಬರೆದು, ಲ್ಯಾಬಿನ ಮುಖ್ಯಸ್ಥರೂ ರೈತರ ಕಡೆಯ ಒಬ್ಬರೂ ಸಹಿ ಹಾಕಿದ ಮೇಲೆ ಅಕ್ಟೋಬರಿನ ಮೊದಲ ಗಾಡಿ ತೂಕದ ಕಟ್ಟೆಗೆ ಬರಲಿ.